ಸಿಯೆರಾ ಬೆಟ್ಟದ ಕೆರೆಗಳಲ್ಲಿ ಬ್ರೂಕ್ ಟ್ರೌಟ್: ಬೆಂಗಳೂರಿಂದ ಹೊರಡೋರಿಗೆ ಏನು ಹೇಳ್ತೀರಿ?

ಜಯನಗರದಿಂದ ಪ್ರಶ್ನೆ
ಆಗಸ್ಟ್ ಕೊನೆಗೆ ಮಗಳ ಮನೆಗೆ, ಕ್ಯಾಲಿಫೋರ್ನಿಯಾಗೆ ಹೋಗ್ತಿದೀನಿ. ಅಳಿಯನ ಜೊತೆ ಸಿಯೆರಾ ನೆವಾಡಾದ ಲಿಟಲ್ ಲೇಕ್ಸ್ ವ್ಯಾಲಿಯಲ್ಲಿ ಎರಡು ರಾತ್ರಿ ಟೆಂಟ್ ಹಾಕಿ ಬ್ರೂಕ್ ಟ್ರೌಟ್ ಹಿಡಿಯೋ ಯೋಚನೆ. ವಯಸ್ಸು 57. ಊರ ಕೆರೆಯಲ್ಲಿ ಗಾಳ ಹಾಕಿ ಗೊತ್ತು, ಫ್ಲೈ ರಾಡ್ (ಹುಳುವಿನಂಥ ನಕಲಿ ಗಾಳ ಎಸೆಯೋ ಕೋಲು) ಮುಟ್ಟಿಲ್ಲ. ಏನು ಒಯ್ಯಲಿ, ಏನು ಕಲೀಲಿ?

ಮಲ್ಲೇಶ್ವರ
ಸರ್, ಫ್ಲೈ ರಾಡ್ ಕಲಿಯೋಕೆ ಈಗ ಕೂರಬೇಡಿ. ನಾಲ್ಕು ತುಂಡಾಗಿ ಬಿಚ್ಚುವ ಆರಡಿ ಅಲ್ಟ್ರಾಲೈಟ್ ಸ್ಪಿನ್ನಿಂಗ್ ರಾಡ್, ಸಣ್ಣ ರೀಲ್, 4 ಪೌಂಡ್ ಎಳೆತ ತಾಳೋ ನೈಲಾನ್ ದಾರ ಸಾಕು. ಫ್ಲೈಯನ್ನ, ಅಂದ್ರೆ ಹುಳುವಿನ ಹಾಗೆ ಕಾಣೋ ಕೊಕ್ಕೆಯನ್ನ, ಇದಕ್ಕೇ ಕಟ್ಟಬಹುದು. ಕಾಸ್ಟಿಂಗ್ ಬಬಲ್ ಅಂತ ಒಳಗೆ ನೀರು ತುಂಬಿಸೋ ಪ್ಲಾಸ್ಟಿಕ್ ಬುರುಡೆ ಸಿಗುತ್ತೆ. ದಾರವನ್ನ ಅದರೊಳಗಿಂದ ಪೋಣಿಸಿ, ತುದಿಗೆ ಪುಟ್ಟ ಸ್ವಿವೆಲ್ (ತಿರುಗೋ ಲೋಹದ ಕೊಂಡಿ) ಕಟ್ಟಿ. ಸ್ವಿವೆಲ್‌ನಿಂದಾಚೆ ಒಂದೂವರೆ ಮೀಟರ್ ತೆಳು ದಾರ, ಅದರ ಕೊನೆಗೆ 14ನೇ ನಂಬರಿನ ಫ್ಲೈ. ಬಬಲ್‌ಗೆ ಮುಕ್ಕಾಲು ಭಾಗ ನೀರು. ಪೂರ್ತಿ ತುಂಬಿದರೆ ಮುಳುಗುತ್ತೆ, ಬಿಸಿಲೇರಿ ಮೀನು ಆಳಕ್ಕಿಳಿದಾಗ ಅದೂ ಬೇಕಾಗುತ್ತೆ.

ಎಡವೋದು ಎಲ್ಲಿ ಅಂದ್ರೆ, ಎಸೆದಾಗ ಬಬಲ್ ಮುಂದೆ, ಫ್ಲೈ ಹಿಂದೆ ಹಾರಿ ಎರಡೂ ಸುತ್ತಿಕೊಂಡು ಗೋಜಲಾಗುತ್ತೆ. ಬಬಲ್ ನೀರು ಮುಟ್ಟೋಕೆ ಸ್ವಲ್ಪ ಮುಂಚೆ ರೀಲಿನಲ್ಲಿ ದಾರ ಸುತ್ತಿರೋ ಸ್ಪೂಲಿನ ಅಂಚಿಗೆ ತೋರುಬೆರಳು ತಾಗಿಸಿ. ಬಬಲ್ ತಡೆದು ನಿಲ್ಲುತ್ತೆ, ಫ್ಲೈ ಅದನ್ನ ದಾಟಿ ಹೋಗಿ ದಾರ ನೆಟ್ಟಗಾಗುತ್ತೆ. ಕೊಕ್ಕೆ ಬದಲು ಉಲ್ಲನ್ ಚೂರು ಕಟ್ಟಿ ಇಲ್ಲೇ ಖಾಲಿ ಮೈದಾನದಲ್ಲಿ ನಾಲ್ಕು ಭಾನುವಾರ ಎಸೆದರೆ ಬೆರಳಿಗೆ ಹತ್ತುತ್ತೆ.

ಫ್ಲೈಗಳು: ಆಡಮ್ಸ್, ಎಲ್ಕ್ ಹೇರ್ ಕ್ಯಾಡಿಸ್, ಕಪ್ಪಿರುವೆ ನಮೂನೆ, ಎರಡು ಕಪ್ಪು ವೂಲಿ ಬಗರ್. ಜೊತೆಗೆ 2ರಿಂದ 3.5 ಗ್ರಾಂ ತೂಕದ ಸ್ಪಿನ್ನರ್ (ನೀರಲ್ಲಿ ಎಳೆದಾಗ ತಿರುಗೋ ತಗಡಿನ ಗಾಳ) ಮೂರು. ಅದಕ್ಕಿಂತ ಹೆಚ್ಚು ಹೊತ್ತರೆ ಬೆನ್ನಿಗೆ ದಂಡ.

ರಾಜಾಜಿನಗರ
ಮೊದಲ ದಿನ ಎಲ್ಲರೂ ಮಾಡೋ ತಪ್ಪು: ಸೀದಾ ನೀರಿನಂಚಿಗೆ ಹೋಗಿ ಕೆರೆ ನಡುವಿಗೆ ಎಸೆಯೋದು. ಅಷ್ಟರಲ್ಲಿ ಕಾಲಬುಡದಲ್ಲಿದ್ದ ಮೀನು ಓಡಿರುತ್ತೆ. ಬ್ರೂಕ್ ಟ್ರೌಟ್ ಹೆಚ್ಚಾಗಿ ದಡದ ಸಮೀಪವೇ, ತಿಳಿ ಹಸಿರು ನೀರು ಗಾಢವಾಗಿ ಕಪ್ಪಾಗುವ ಅಂಚಿನಲ್ಲಿ ಸುತ್ತುತ್ತೆ. ನಾಲ್ಕೈದು ಹೆಜ್ಜೆ ಹಿಂದೆಯೇ ನಿಂತು, ನೆರಳು ನೀರಿಗೆ ಬೀಳದ ಹಾಗೆ, ದಡದ ಉದ್ದಕ್ಕೇ ಎಸೆಯಿರಿ. ತೊರೆ ಕೆರೆಗೆ ಸೇರೋ ಬಾಯಿ, ಕೆರೆಯಿಂದ ಹೊರಡೋ ಬಾಯಿ ಎರಡನ್ನೂ ಬಿಡಬೇಡಿ. ಗಾಳಿ ಬೀಸಿದರೆ ಅಲೆ ಬಂದು ಬಡಿಯೋ ದಡಕ್ಕೆ ಹೋಗಿ. ಎಸೆಯೋದು ಕಷ್ಟ, ಆದ್ರೆ ಹುಳುಗಳೆಲ್ಲ ತೇಲಿಬಂದು ಸೇರೋದು ಅಲ್ಲೇ. ಪೋಲರೈಸ್ಡ್ ಕನ್ನಡಕ ಇದ್ದರೆ ಮೀನೇ ಕಾಣುತ್ತೆ.

ಗುರುತು: ಬೆನ್ನ ಮೇಲೆ ಹುಳು ಹರಿದಾಡಿದಂಥ ಗೆರೆ, ಪಕ್ಕದಲ್ಲಿ ನೀಲಿ ಬಳೆಯೊಳಗೆ ಕೆಂಪು ಚುಕ್ಕಿ, ಕೆಳಗಿನ ರೆಕ್ಕೆಗಳ ಮುಂಚೂಣಿಯಲ್ಲಿ ಸುಣ್ಣ ಬಳಿದ ಹಾಗೆ ಬಿಳಿ. ಹೆಸರು ಟ್ರೌಟ್ ಆದರೂ ಇದು ಚಾರ್ ಅನ್ನೋ ಹತ್ತಿರದ ಸಂಬಂಧಿ ಮೀನುಗಳ ಗುಂಪಿನದು. ಗೇಣುದ್ದದ್ದು ಸಿಕ್ಕರೆ ನಿರಾಸೆ ಬೇಡ. ಇದರ ತವರು ಅಮೆರಿಕದ ಪೂರ್ವ ಭಾಗ, ಸಿಯೆರಾಕ್ಕೆ ತಂದು ಬಿಟ್ಟದ್ದು. ತೊರೆ ಇಲ್ಲದಿದ್ದರೂ ಒರತೆಯಿರೋ ಕೆರೆತಳದಲ್ಲೇ ಮೊಟ್ಟೆಯಿಡುತ್ತೆ. ಹೀಗಾಗಿ ಸಂಖ್ಯೆ ಜಾಸ್ತಿ, ತಿನ್ನೋಕೆ ಕಮ್ಮಿ, ಗಾತ್ರ ಗಿಡ್ಡ.

ಇನ್ನೊಂದು: ಹಳೇ ಪುಸ್ತಕ ನೋಡಿ ಕೆರೆ ಆರಿಸಬೇಡಿ. ಹಳದಿ ಕಾಲಿನ ಬೆಟ್ಟಗಪ್ಪೆ ಉಳಿಸೋಕೆ ಅಂತ ಸಿಕೋಯ–ಕಿಂಗ್ಸ್ ಕ್ಯಾನ್ಯನ್ ಪಾರ್ಕಿನ ಕೆಲವು ಕೆರೆಗಳಿಂದ ಟ್ರೌಟ್ ತೆಗೆಸಿದ್ದಾರೆ.

ಬನಶಂಕರಿ
ಮೀನಿಗಿಂತ ಮುಂಚೆ ಕಾಗದಪತ್ರ. ರಾತ್ರಿ ತಂಗೋಕೆ, ಆ ಕಣಿವೆ ಇರೋ ಇನ್ಯೋ ನ್ಯಾಷನಲ್ ಫಾರೆಸ್ಟ್‌ನ ಪರ್ಮಿಟ್ ಬೇಕು. ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ ಕೋಟಾದ 60% ಆರು ತಿಂಗಳ ಮುಂಚೆ, ಮಿಕ್ಕ 40% ಎರಡು ವಾರ ಮುಂಚೆ ಬಿಡ್ತಾರೆ. ಅಲ್ಲಿಯ ಬೆಳಗ್ಗೆ 7 ಅಂದ್ರೆ ಬೇಸಿಗೆಯಲ್ಲಿ ನಮಗೆ ಸಂಜೆ 7:30, ಲಾಗಿನ್ ಆಗಿ ಕಾದಿರಿ. 16 ದಾಟಿದ ಎಲ್ಲರಿಗೂ ಮೀನಿನ ಲೈಸೆನ್ಸ್ ಬೇಕು. ಹೊರಗಿನವರಿಗೆ 1, 2 ಮತ್ತು 10 ದಿನದ್ದು ಇದೆ.

ಎತ್ತರದ್ದೇ ನಿಜವಾದ ಚಿಂತೆ. ಕಾರು ನಿಲ್ಲಿಸೋ ಮಾಸ್ಕಿಟೋ ಫ್ಲ್ಯಾಟ್ ಆಗಲೇ 3,100 ಮೀಟರ್ ಮೇಲಿದೆ. ನಂದಿಬೆಟ್ಟ ಇಡೀ 1,478 ಅಷ್ಟೇ, ನೆನಪಿರಲಿ. ಹಿಂದಿನ ರಾತ್ರಿ ಮ್ಯಾಮತ್ ಲೇಕ್ಸ್ ಊರಲ್ಲಿ, ಸುಮಾರು 2,400 ಮೀಟರಿನಲ್ಲಿ ಮಲಗಿ. ಮೊದಲ ದಿನ ಹಾರ್ಟ್ ಅಥವಾ ಬಾಕ್ಸ್ ಕೆರೆ ತನಕ ಸಾಕು. ಚಿಕನ್‌ಫುಟ್, ಜೆಮ್ ಕೆರೆಗಳು ಮಾರನೇ ದಿನಕ್ಕಿರಲಿ. ತಲೆನೋವಿನ ಜೊತೆ ವಾಂತಿ ಬಂದರೆ ಇನ್ನೊಂದು ಮೀನು ಅಂತ ಕಾಯದೆ ಕೆಳಗಿಳಿಯಿರಿ. ನಂದಿ ಮೆಟ್ಟಿಲನ್ನ 10 ಕೆಜಿ ಹೊತ್ತು ವಾರಕ್ಕೊಮ್ಮೆ ಹತ್ತಿದರೆ ಮಂಡಿ ಪಳಗುತ್ತೆ, ಎತ್ತರಕ್ಕೆ ಮೈ ಒಗ್ಗೋದು ಮಾತ್ರ ಅಲ್ಲೇ.

ಮಧ್ಯಾಹ್ನ ಮೋಡ ಕಟ್ಟಿ ಗುಡುಗಿದರೆ ರಾಡ್ ಕೆಳಗಿಡಿ. ಗ್ರಾಫೈಟ್ ರಾಡಿನಲ್ಲಿ ಕರೆಂಟ್ ಹರಿಯುತ್ತೆ.

ವಿಜಯನಗರ
ಗ್ಯಾಸ್ ಡಬ್ಬಿ ವಿಮಾನದಲ್ಲಿ ಎಲ್ಲೂ ಇಡಂಗಿಲ್ಲ, ಅಲ್ಲೇ ಕೊಳ್ಳಿ. ಕೊಕ್ಕೆಗಳು ಚೆಕ್-ಇನ್ ಬ್ಯಾಗಿಗೆ.

ಬಸವನಗುಡಿ
ಅಕ್ಕಿ, ಬೇಳೆ ಒಯ್ಯಬೇಡಿ. ಆ ಎತ್ತರದಲ್ಲಿ ನೀರು 90 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತೆ, ಬೇಳೆ ಬೇಯೋಷ್ಟರಲ್ಲಿ ಗ್ಯಾಸ್ ಖಾಲಿ. ಅವಲಕ್ಕಿ, ಹುರಿದ ಶಾವಿಗೆ, ಪುಳಿಯೋಗರೆ ಗೊಜ್ಜಿಗೆ ದಿಢೀರ್ ಅನ್ನ. ಎಲ್ಲಾ ತಿಂಡಿ, ಟೂತ್‌ಪೇಸ್ಟ್ ಕೂಡ, ಕರಡಿ ಮುರಿಯಲಾಗದ ಗಟ್ಟಿ ಡಬ್ಬಿಯೊಳಗೆ ಹೋಗಬೇಕು. ಬಾಡಿಗೆಗೆ ಸಿಗುತ್ತೆ. ರಾತ್ರಿ ಅದನ್ನ ಟೆಂಟಿನಿಂದ ದೂರ ಇಡಿ.

ಮೀನು ತಿನ್ನೋದಾದ್ರೆ ಹುರುಪೆ ಕೆರೆಯೋ ಕೆಲಸವಿಲ್ಲ, ಅಷ್ಟು ಸಣ್ಣದು. ಹೊಟ್ಟೆ ಸೀಳಿ, ಕರುಳು ತೆಗೆದು, ಬೆನ್ನುಮೂಳೆಗೆ ಅಂಟಿದ ಕಪ್ಪು ರಕ್ತದ ಗೆರೆಯನ್ನ ಹೆಬ್ಬೆರಳಿನ ಉಗುರಿಂದ ಎಳೆದು ತೊಳೆಯಿರಿ, ಬಿಟ್ಟರೆ ಕಹಿ. ಉಪ್ಪು, ಖಾರದಪುಡಿ, ಚಿರೋಟಿ ರವೆ, ಎರಡೂ ಕಡೆ ಮೂರು ಮೂರು ನಿಮಿಷ. ಅಡುಗೆ ಟೆಂಟಿನಿಂದ ನೂರು ಹೆಜ್ಜೆ ಆಚೆ. ಕರುಳನ್ನ ಏನು ಮಾಡಬೇಕು, ಬೆಂಕಿ ಹಾಕಬಹುದೋ ಇಲ್ಲವೋ, ಪರ್ಮಿಟ್ ಕೊಡೋ ರೇಂಜರ್ ಹತ್ರ ಕೇಳಿ.

ಜಯನಗರ
ತುಂಬಾ ಉಪಕಾರ. ಅಳಿಯ ಸಸ್ಯಾಹಾರಿ, ಬಹುಶಃ ಹಿಡಿದು ಬಿಡೋದೇ ಆಗುತ್ತೆ. ಬದುಕುತ್ತಾವಾ?

ಮಲ್ಲೇಶ್ವರ
ಬದುಕುತ್ತೆ, ನೀವು ಕೈ ಒದ್ದೆ ಮಾಡ್ಕೊಂಡು ಹಿಡಿದರೆ. ಒಣಗೈಗೆ ಮೈಮೇಲಿನ ಲೋಳೆ ಕಿತ್ತು ಬರುತ್ತೆ. ಕೊಕ್ಕೆಯ ಮುಳ್ಳನ್ನ ಇಕ್ಕಳದಲ್ಲಿ ಮೊದಲೇ ಅದುಮಿಬಿಡಿ. ಗಂಟಲಿಗಿಳಿದ ಕೊಕ್ಕೆ ಎಳೆಯೋಕೆ ಹೋಗದೆ ದಾರ ಕತ್ತರಿಸಿ. ಫೋಟೋ ಬೇಕಿದ್ದರೆ ಅಳಿಯನಿಗೆ ಕ್ಯಾಮೆರಾ ತೆರೆದಿಟ್ಕೊಳ್ಳೋಕೆ ಹೇಳಿ, ಆಮೇಲೆ ಮೀನನ್ನ ನೀರಿಂದ ಎತ್ತಿ.