ಅಪ್‌ಡೇಟ್: ಷೆವರ್ಲೆ 350ರ ಬ್ಯಾಲೆನ್ಸರ್ ಸುತ್ತಿಗೆ ಮುಟ್ಟದೆ ಕೂತಿತು

ಹಳೇ ಪಿಕಪ್‌ನ 350 ಇಂಜಿನ್‌ಗೆ ಕ್ರ್ಯಾಂಕ್ (ಇಂಜಿನ್‌ನ ಮುಖ್ಯ ಶಾಫ್ಟ್) ತುದಿಯಲ್ಲಿ ಪುಲ್ಲಿ ಕೂರುವ ಬ್ಯಾಲೆನ್ಸರನ್ನು, ಅಂದರೆ ನಡುಕ ತಗ್ಗಿಸುವ ಭಾರದ ಚಕ್ರವನ್ನು, ಮರದ ತುಂಡಿಟ್ಟು ಬಡಿದು ಹಾಕಬಹುದಾ ಅಂತ ಕೇಳಿದ್ದೆ. ಬೇಡವೇ ಬೇಡ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್. ಕೆಲಸ ಆಯ್ತು.

ಇನ್‌ಸ್ಟಾಲರ್ ಟೂಲ್ ಬಾಡಿಗೆಗೆ ತಂದೆ. ಅದರ ರಾಡನ್ನು ಮೊದಲು ಕ್ರ್ಯಾಂಕ್ ಒಳಗೆ ಆಳಕ್ಕೆ ತಿರುಗಿಸಬೇಕು. ಆಮೇಲೆ ನಟ್ ಬಿಗಿ ಮಾಡಿದಂತೆ ಬ್ಯಾಲೆನ್ಸರ್ ನೇರವಾಗಿ ಒಳಗೆ ಸರಿಯುತ್ತದೆ. ಮೂಲ ಬೋಲ್ಟ್‌ನಿಂದಲೇ ಎಳೆದರೆ ಶುರುವಿನಲ್ಲಿ ಕೆಲವೇ ಥ್ರೆಡ್ ಹಿಡಿದಿರುತ್ತವೆ. ಅವು ಕಿತ್ತರೆ ಕ್ರ್ಯಾಂಕ್‌ಗೇ ಪೆಟ್ಟು. ಬಡಿದರೆ ಏಟು ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ತಡೆಯುವ, ಹಿಂಬದಿಯ ಥ್ರಸ್ಟ್ ಬೇರಿಂಗ್‌ಗೆ ಹೋಗುತ್ತದೆ. ಬ್ಯಾಲೆನ್ಸರ್ ನಡುವಿನ ರಬ್ಬರ್ ಬಿಟ್ಟು ಹೊರಗಿನ ರಿಂಗ್ ಜಾರಿದರೆ ಅದರ ಮೇಲಿನ ಟೈಮಿಂಗ್ ಗುರುತೂ (ಕಿಡಿ ಹಾರುವ ಸಮಯ ನೋಡುವ ಗೆರೆ) ಸುಳ್ಳಾಗುತ್ತೆ, ಅಲ್ವಾ?

ಜಾಸ್ತಿ ಹೊತ್ತು ಹಿಡಿದಿದ್ದು ತಯಾರಿಗೆ. ಕೀ ದಾರಿಯ (ಲೋಹದ ಕೀ ಕೂರುವ ಗಾಡಿಯ) ಅಂಚಿನಲ್ಲಿ ಉಗುರಿಗೆ ಸಿಗುವಷ್ಟು ಸಣ್ಣ ಲೋಹದ ಮುಳ್ಳು ಇತ್ತು, ನಯವಾದ ಎಮೆರಿ ಪೇಪರ್‌ನಿಂದ ತೆಗೆದೆ. ಎಣ್ಣೆ ಸೋರದಂತೆ ತಡೆಯುವ ಮುಂದಿನ ಸೀಲ್‌ನ ತುಟಿಗೆ ಎಣ್ಣೆ ಸವರಿದೆ. ನಟ್ ತಿರುಗಿಸುವಾಗ ಬಿಗಿ ಒಂದೇ ಸಮ ಇತ್ತು. ಕೊನೆಗೆ ತಟ್ಟನೆ ಗಟ್ಟಿಯಾಯ್ತು, ಪೂರ್ತಿ ಕೂತಿದೆ ಅಂತ ಗೊತ್ತಾಯ್ತು.

ಬೋಲ್ಟ್‌ಗೆ 60 ಫುಟ್-ಪೌಂಡ್ ಕೊಟ್ಟೆ. ಇಂಜಿನ್ ಓಡುವಾಗ ಬ್ಯಾಲೆನ್ಸರ್ ಅಲುಗಾಡುತ್ತಿಲ್ಲ, ಸೀಲ್‌ನಿಂದ ಎಣ್ಣೆ ಕೂಡ ಸೋರುತ್ತಿಲ್ಲ.