ಸ್ಪ್ಯಾನಿಷ್‌ನಲ್ಲಿ ‘ಕೇಳು’ ಎನ್ನಲು ಯಾವ ಕ್ರಿಯಾಪದ?

ಕುಡ್ಲೆ ದಾರಿ, ಗೋಕರ್ಣ:
ನವೆಂಬರ್ ಬಂತೆಂದರೆ ನಮ್ಮ ಹೋಮ್‌ಸ್ಟೇಗೆ ಸ್ಪೇನ್, ಅರ್ಜೆಂಟೀನಾ ಕಡೆಯವರು ಬರತೊಡಗುತ್ತಾರೆ. ಅವರ ಭಾಷೆಯಲ್ಲೇ ನಾಲ್ಕು ಮಾತಾಡಬೇಕೆಂದು ಮೊಬೈಲ್‌ನಲ್ಲಿ ಕಲಿಯುತ್ತಿದ್ದೇನೆ. ‘ಇರು’ ಎನ್ನಲು ಇರುವ ‘ಸೇರ್’ ಮತ್ತು ‘ಎಸ್ತಾರ್’ ಎಂಬ ಎರಡು ಕ್ರಿಯಾಪದಗಳ ವ್ಯತ್ಯಾಸವನ್ನು ಎಲ್ಲರೂ ವಿವರಿಸುತ್ತಾರೆ, ಅದು ಬೇಡ. ನನ್ನ ತೊಡಕು ‘ಕೇಳು’. ಒಂದು ಪಾಠದಲ್ಲಿ ‘ಪೆದೀರ್’ ಎನ್ನುತ್ತಾರೆ, ಮುಂದಿನದರಲ್ಲಿ ‘ಪ್ರೆಗುಂತಾರ್’. ಎರಡಕ್ಕೂ ಒಂದೇ ಅರ್ಥ ಕೊಟ್ಟಿದ್ದಾರೆ. ಮಾತಿನ ನಡುವೆ ಥಟ್ಟನೆ ಆರಿಸಿಕೊಳ್ಳುವುದು ಹೇಗೆ?

ಬೈತಖೋಲ್ ಬಾಣಸಿಗ, ಕಾರವಾರ:
ತಂಗಿ, ಸರಕು ಹಡಗಿನ ಅಡುಗೆಮನೆಯಲ್ಲಿ ಚಿಲಿ, ಪೆರುವಿನ ಹುಡುಗರ ಜೊತೆ ವರ್ಷಗಟ್ಟಲೆ ದುಡಿದವನು ನಾನು. ಅರ್ಥದ ಪಟ್ಟಿಯನ್ನು ಬದಿಗಿಡು. ಕೇಳಿದ್ದಕ್ಕೆ ಪ್ರತಿಯಾಗಿ ಏನು ಸಿಗಬೇಕು ಎಂದು ನೋಡು. ಮಾತು ಸಿಗಬೇಕಾದರೆ ಪ್ರೆಗುಂತಾರ್. ವಸ್ತು ಸಿಗಬೇಕು ಅಥವಾ ಕೆಲಸ ಆಗಬೇಕು ಎಂದಾದರೆ ಪೆದೀರ್.

ಮೀನು ಪೇಟೆಯಲ್ಲಿ ಬಂಗಡೆಯ ದರ ಕೇಳಿದೆ ಎನ್ನು: ಪ್ರೆಗುಂತಾರ್. ಅವಳು ಇನ್ನೂರು ರೂಪಾಯಿ ಕೇಳಿದಳು: ಪೆದೀರ್. ನೀನು ಐವತ್ತು ಬಿಡಲು ಕೇಳಿದೆ: ಅದೂ ಪೆದೀರ್. ಕೊಯ್ದು ಕೊಡಲು ಕೇಳಿದೆ: ಮತ್ತೆ ಪೆದೀರ್. ನಿನ್ನೆ ಯಾಕೆ ಬರಲಿಲ್ಲವೆಂದು ಕೇಳಿದೆ: ಪ್ರೆಗುಂತಾರ್. ಅನುಮತಿ, ಕ್ಷಮೆ ಕೇಳುವುದೂ ಪೆದೀರ್, ಅವು ಇನ್ನೊಬ್ಬರು ಕೊಡಬೇಕಾದವು.

‘ಯಾರೋ ನಿಮ್ಮನ್ನು ಕೇಳಿಕೊಂಡು ಬಂದಿದ್ದರು’ ಎನ್ನುತ್ತೇವಲ್ಲ, ಅಲ್ಲಿ ಪ್ರೆಗುಂತಾರ್ ಜೊತೆಗೆ ‘ಪೋರ್’ ಬೇಕು. ‘ಪ್ರಶ್ನೆ’ ಎಂಬ ಪದವನ್ನೇ ಸೇರಿಸಿ ‘ಪ್ರಶ್ನೆ ಕೇಳಿದೆ’ ಎನ್ನುವುದಕ್ಕೆ ಮಾತ್ರ ಈ ಎರಡೂ ಸಲ್ಲವು. ಅವರು ಪ್ರಶ್ನೆಯನ್ನು ‘ಮಾಡುತ್ತಾರೆ’: ಅಸೇರ್ ಉನಾ ಪ್ರೆಗುಂತಾ. ಪೆದೀರ್ ರೂಪವೂ ಬದಲಾಗುತ್ತದೆ, ‘ನಾನು ಕೇಳುತ್ತೇನೆ’ ಎಂದರೆ ‘ಪೀದೊ’.

ಅಡಿಕೆ ತೋಟ, ಶಿರಸಿ:
ಬಾಣಸಿಗರ ಮಾತಿಗೆ ಒಂದು ಸೇರ್ಪಡೆ. ನಮ್ಮ ‘ಕೇಳು’ ಕಿವಿಯ ಕೆಲಸವೂ ಹೌದು. ಅಲ್ಲಿ ಇನ್ನೆರಡು ಇವೆ: ‘ಓಈರ್’ ಮತ್ತು ‘ಎಸ್ಕುಚಾರ್’. ತಾನಾಗಿ ಕಿವಿಗೆ ಬಿದ್ದರೆ ಓಈರ್, ಕಿವಿಗೊಟ್ಟು ಆಲಿಸಿದರೆ ಎಸ್ಕುಚಾರ್. ಕನ್ನಡದವರಿಗೆ ಇದು ಕಷ್ಟವಲ್ಲ, ‘ಕೇಳಿಸು’ ನಮ್ಮಲ್ಲೇ ಇದೆ. ಕಾಣುವುದಕ್ಕೆ ‘ಬೇರ್’, ದಿಟ್ಟಿಸಿ ನೋಡುವುದಕ್ಕೆ ‘ಮಿರಾರ್’ ಎಂಬುದೂ ಬಹುಮಟ್ಟಿಗೆ ಹೀಗೆಯೇ, ಸಿನಿಮಾ ನೋಡುವುದಕ್ಕೆ ಮಾತ್ರ ಬೇರ್. ಆದರೆ ಅರ್ಜೆಂಟೀನಾದ ಅತಿಥಿ ಫೋನಿನಲ್ಲಿ ‘ನೊ ತೆ ಎಸ್ಕುಚೊ’ ಎಂದರೆ ಅವರು ನಿಮ್ಮ ಮಾತಿಗೆ ಬೆಲೆ ಕೊಡುತ್ತಿಲ್ಲ ಎಂದು ನೊಂದುಕೊಳ್ಳಬೇಡಿ. ಲ್ಯಾಟಿನ್ ಅಮೆರಿಕದಲ್ಲಿ ‘ನಿಮ್ಮ ದನಿ ಕೇಳಿಸುತ್ತಿಲ್ಲ’ ಎನ್ನಲು ಹಾಗೆಯೇ ಹೇಳುತ್ತಾರೆ.

ಕುಡ್ಲೆ ದಾರಿ, ಗೋಕರ್ಣ:
ಇಬ್ಬರಿಗೂ ಧನ್ಯವಾದ. ದರ ಕೇಳುವುದು, ದುಡ್ಡು ಕೇಳುವುದು ಎಂದು ನೆನಪಿಟ್ಟುಕೊಂಡರೆ ನನಗೆ ಸಾಕು. ಇನ್ನೊಂದು ಸಂದೇಹ: ಅತಿಥಿ ಕೋಣೆಯಿಂದ ಕರೆದಾಗ ‘ಬಂದೆ’ ಎನ್ನಲು ‘ಬೆಂಗೊ’ ಸರಿಯೇ? ಚಹಾ ತರುತ್ತೇನೆ ಎನ್ನುವುದಕ್ಕೆ?

ಬೈತಖೋಲ್ ಬಾಣಸಿಗ, ಕಾರವಾರ:
ಬೆಂಗೊ ಬೇಡ. ನಾವು ಕರೆದವರ ಕಡೆಯಿಂದ ನೋಡಿ ‘ಬಂದೆ’ ಎನ್ನುತ್ತೇವೆ. ಅವರಿಗೆ ಮಾತಾಡುವವನು ನಿಂತ ಜಾಗವೇ ಮುಖ್ಯ. ನೀನು ಅಲ್ಲಿಂದ ಹೊರಟೆಯಲ್ಲ, ಹಾಗಾಗಿ ‘ಯಾ ಬೋಯ್’, ಅಂದರೆ ಹೋಗುವ ಕ್ರಿಯೆ. ತರುವುದು, ಒಯ್ಯುವುದಕ್ಕೂ ಇದೇ ಕಟ್ಟಳೆ. ಅತಿಥಿಯ ಮೇಜಿನ ಬಳಿ ನಿಂತು ಚಹಾ ತರುತ್ತೇನೆ ಎನ್ನುವಾಗ ‘ತ್ರಾಎರ್’, ತಿರುಗಿ ಅದೇ ಜಾಗಕ್ಕೆ ಬರುತ್ತೀಯಲ್ಲ. ಅಡುಗೆಮನೆಯಿಂದ ಕೋಣೆಗೆ ಫೋನ್ ಮಾಡಿ ಹೇಳುವಾಗ ‘ಯೆಬಾರ್’. ಕನ್ನಡದಲ್ಲಿ ಎರಡು ಕಡೆಯೂ ‘ತರುತ್ತೇನೆ’ ಎಂದರೆ ನಡೆಯುತ್ತದೆ, ಅಲ್ಲಿ ನಡೆಯುವುದಿಲ್ಲ.

ಕಡಲ ದಂಡೆಯಲ್ಲಿ ಮನೆ ಇಟ್ಟುಕೊಂಡವಳು ನೀನು, ಇನ್ನೊಂದು ಜೋಡಿಯನ್ನು ಚೆನ್ನಾಗಿ ಕಲಿತುಕೋ. ‘ಈಜಲು ಬರುತ್ತದೆಯೇ?’ ಎನ್ನಲು ‘ಸಾಬೆ ನದಾರ್?’ ಎಂದೇ ಕೇಳು. ಸಾಬೆ ಎಂದರೆ ಆ ವಿದ್ಯೆ ಬಲ್ಲಿರಾ ಎಂದು. ‘ಪ್ವೆದೆ ನದಾರ್?’ ಎಂದರೆ ಈಗ ಈಜಲು ಸಾಧ್ಯವೇ, ಅಡ್ಡಿಯೇನೂ ಇಲ್ಲವೇ ಎಂದಾಗುತ್ತದೆ. ಅಲೆ ಜೋರಾಗಿದ್ದ ದಿನ ಯಾರಾದರೂ ನೀರಿಗಿಳಿಯಲು ಹೊರಟರೆ ಮೊದಲು ಸಾಬೆ ಎಂದು ಕೇಳು. ಹೂಂ ಎಂದರೂ ದಂಡೆಯಲ್ಲಿರುವ ಜೀವರಕ್ಷಕರನ್ನು ತೋರಿಸಿಯೇ ಕಳಿಸು.