ಹೆಸರುವಾಸಿ ಎಂಜಿನಿಯರಿಂಗ್ ಕಾಲೇಜು, ಆದರೂ ಕಟ್‌ಆಫ್ ಕೆಳಗೆ ಯಾಕೆ? ಬಲ್ಲವರು ತಿಳಿಸಿ

ಪ್ರಶ್ನೆ: ಮಗಳು ಸಿಇಟಿ ಆಪ್ಷನ್ ಎಂಟ್ರಿ (ಬೇಕಾದ ಕಾಲೇಜು, ಬ್ರಾಂಚುಗಳ ಪಟ್ಟಿ ಕೊಡೋದು) ಮಾಡಬೇಕು. ಹಾಸನದ ಮಲ್ನಾಡ್ (1960), ಮಂಡ್ಯದ ಪಿಇಎಸ್ (1962), ಬಾಗಲಕೋಟೆಯ ಬಸವೇಶ್ವರ (1963) ಹಳೇ ಕಾಲೇಜುಗಳು. ಆದರೂ ಅಲ್ಲಿ ಸಿವಿಲ್, ಮೆಕ್ಯಾನಿಕಲ್ ಬಹಳ ಹಿಂದಿನ ರ‍್ಯಾಂಕಿಗೂ ಸಿಗುತ್ತೆ. ಏನಾದರೂ ಕೊರತೆ ಇದೆಯಾ?

ಸಿಇಟಿ ಸಲಹೆಗಾರರು, ಹುಬ್ಬಳ್ಳಿ: ಹಾಗಂತ ತೀರ್ಮಾನಕ್ಕೆ ಬರಬೇಡಿ ಮೇಡಂ. ಕಟ್‌ಆಫ್ ಅಂದ್ರೆ ಆ ಬ್ರಾಂಚಿನಲ್ಲಿ, ಆ ಕೆಟಗರಿಯಲ್ಲಿ ಕೊನೇ ಸೀಟು ಪಡೆದವರ ರ‍್ಯಾಂಕ್. ಅದರಿಂದ ಬೇಡಿಕೆ ಗೊತ್ತಾಗುತ್ತೆ, ಪಾಠ ಹೇಗಿದೆ ಅಂತ ಗೊತ್ತಾಗಲ್ಲ. ಈಗ ಬೇಡಿಕೆಯೆಲ್ಲ ಬೆಂಗಳೂರಿಗೆ, ಅದೂ ಕಂಪ್ಯೂಟರ್ ಸೈನ್ಸಿಗೆ. ಇನ್ನೊಂದು, ಹಳೇ ಕಾಲೇಜುಗಳಲ್ಲಿ ಕೆಲವು ಮೂಲ ಬ್ರಾಂಚುಗಳಿಗೆ ಸರ್ಕಾರದ ಅನುದಾನಿತ ಸೀಟು ಇರುತ್ತೆ. ಫೀಸು ಕಡಿಮೆ, ಸಿಇಟಿ ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಪಾಲು ಜಾಸ್ತಿ. ಹಂಚೋ ಸೀಟು ಹೆಚ್ಚಿದಷ್ಟೂ ಕೊನೇ ರ‍್ಯಾಂಕ್ ಹಿಂದಕ್ಕೆ ಹೋಗುತ್ತೆ. ಕಡಿಮೆ ಖರ್ಚಿನಲ್ಲಿ ಓದಿಸೋರಿಗೆ ಇದು ನಿಜಕ್ಕೂ ಒಳ್ಳೇ ಅವಕಾಶ.

ಪಿಯು ಗಣಿತ ಉಪನ್ಯಾಸಕಿ, ಮೈಸೂರು: ಕಾಲಂ ನೋಡದೆ ಅಂಕಿ ನೋಡೋದೇ ದೊಡ್ಡ ತಪ್ಪು. 60 ಸೀಟಿನ ಅನುದಾನರಹಿತ ಬ್ರಾಂಚ್ ತಗೊಳ್ಳಿ. ಕೆಇಎಗೆ ಶೇ 45, ಅಂದ್ರೆ 27 ಸೀಟು. ಕಲ್ಯಾಣ ಕರ್ನಾಟಕದ ಹೊರಗಿನ ಕಾಲೇಜಾದರೆ 371ಜೆ ಮೀಸಲಾತಿಗೆ (ಕಲ್ಯಾಣ ಕರ್ನಾಟಕದವರಿಗೆ) ಶೇ 8, ಸುಮಾರು 2. ಉಳಿದ 25ರಲ್ಲಿ 3ಎ ಹಿಂದುಳಿದ ವರ್ಗಕ್ಕೆ ಶೇ 4, ಅಂದ್ರೆ ಒಂದೇ ಸೀಟು! ಒಬ್ಬ ವಿದ್ಯಾರ್ಥಿಯ ರ‍್ಯಾಂಕೇ ಅಲ್ಲಿ ಕಟ್‌ಆಫ್. ಮುಂದಿನ ವರ್ಷ ಅದು ಎಷ್ಟು ಬೇಕಾದರೂ ಏರುಪೇರಾಗಬಹುದು. ಜಿಎಂ (ಸಾಮಾನ್ಯ), ಜಿಎಂಕೆ (ಕನ್ನಡ ಮಾಧ್ಯಮ), ಜಿಎಂಆರ್ (ಗ್ರಾಮೀಣ) ಕೂಡ ಬೇರೆ ಬೇರೆ ಕಾಲಂ. ಖಾಸಗಿ ಕಾಲೇಜುಗಳ ಒಕ್ಕೂಟ ನಡೆಸೋ ಕಾಮೆಡ್‌ಕೆ ರ‍್ಯಾಂಕನ್ನಂತೂ ಇದರ ಪಕ್ಕ ಇಡಲೇಬೇಡಿ, ಪರೀಕ್ಷೆಯೇ ಬೇರೆ.

ಪ್ರವೇಶ ವಿಭಾಗದವರು, ತುಮಕೂರು: ಯಾವ ವರ್ಷ, ಸೀಟು ಹಂಚಿಕೆಯ ಯಾವ ಸುತ್ತು ಅನ್ನೋದನ್ನೂ ನೋಡಿ. 2021ರಲ್ಲಿ ಪಿಯು ಪರೀಕ್ಷೆ ರದ್ದಾಗಿ ಸಿಇಟಿ ಅಂಕದಿಂದಲೇ ರ‍್ಯಾಂಕ್ ಕೊಟ್ಟಿದ್ದರು. ಮಾಮೂಲಿ ಲೆಕ್ಕ ಪಿಯು ಅರ್ಧ, ಸಿಇಟಿ ಅರ್ಧ. 2024-25ರಿಂದ ತಾಂತ್ರಿಕ ಶಿಕ್ಷಣ ನಿಯಂತ್ರಿಸೋ ಎಐಸಿಟಿಇ ಸೀಟಿನ ಮಿತಿ ತೆಗೆದ ಮೇಲೆ ಕೆಲವು ಕಡೆ ಕಂಪ್ಯೂಟರ್ ಸೀಟು ಹೆಚ್ಚಾಗಿದೆ, ಹಾಗಾಗಿ ಹಳೇ ಅಂಕಿ ಈಗಿನದಕ್ಕೆ ಹೊಂದಲ್ಲ. ಸುರತ್ಕಲ್‌ನ ಎನ್‌ಐಟಿಕೆಯಂಥ ಕೇಂದ್ರ ಸಂಸ್ಥೆಗಳ ಕಡೆ ಸೀಟು ಸಿಕ್ಕವರು ಸಿಇಟಿ ಸೀಟು ಬಿಟ್ಟರೆ ಕೊನೇ ಸುತ್ತಿನ ಕಟ್‌ಆಫ್ ಇನ್ನೂ ಇಳಿಯುತ್ತೆ. ಮೊದಲ ಸುತ್ತನ್ನು ಮೊದಲ ಸುತ್ತಿನ ಜೊತೆಗೇ ಹೋಲಿಸಿ.

ವಿಭಾಗದ ಮುಖ್ಯಸ್ಥರು, ದಾವಣಗೆರೆ: ನಿಜವಾದ ಕೊರತೆ ಹುಡುಕಬೇಕಂದ್ರೆ ಎನ್‌ಬಿಎ (ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆ ನೋಡಿ. ಅದು ಬ್ರಾಂಚಿಗೆ ಸಿಗೋದು, ಇಡೀ ಕಾಲೇಜಿಗಲ್ಲ. ಅವಧಿ ಮುಗಿದಿಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ. ಪ್ಲೇಸ್‌ಮೆಂಟ್ ಕೇಳುವಾಗ ಆ ಬ್ರಾಂಚಿನಲ್ಲಿ ಎಷ್ಟು ಜನ ನೋಂದಾಯಿಸಿದ್ದರು, ಎಷ್ಟು ಜನಕ್ಕೆ ಸಿಕ್ಕಿತು ಅಂತ ಕೇಳಿ. ದೊಡ್ಡ ಪ್ಯಾಕೇಜ್ ಬ್ಯಾನರ್ ನೋಡಿ ಮರುಳಾಗಬೇಡಿ. ವರ್ಕ್‌ಶಾಪ್, ಸರ್ವೇ ಲ್ಯಾಬ್ ಬಳಕೆಯಲ್ಲಿವೆಯಾ ಅಂತ ಹೋಗಿ ನೋಡಿ.

ಸಿಇಟಿ ಸಲಹೆಗಾರರು, ಹುಬ್ಬಳ್ಳಿ: ಆಪ್ಷನ್ನುಗಳನ್ನು ಕಟ್‌ಆಫ್ ಕ್ರಮದಲ್ಲಿ ಜೋಡಿಸಬೇಡಿ, ಇಷ್ಟದ ಕ್ರಮದಲ್ಲಿ ಹಾಕಿ. ಸಿಗದ ಸೀಟನ್ನು ಮೇಲಿಟ್ಟರೆ ಏನೂ ನಷ್ಟವಿಲ್ಲ, ಕೆಳಗಿನದು ಹಾಗೇ ಇರುತ್ತೆ. ಎಡವೋದು ಚಾಯ್ಸ್ 2ರಲ್ಲಿ (ಸಿಕ್ಕ ಸೀಟು ಇಟ್ಟುಕೊಂಡೇ ಮುಂದಿನ ಸುತ್ತಿಗೆ ಹೋಗೋದು): ಮುಂದಿನ ಸುತ್ತಿನಲ್ಲಿ ಮೇಲಿನ ಆಪ್ಷನ್ ಸಿಕ್ಕ ಕೂಡಲೇ ಮೊದಲಿನ ಸೀಟು ತಾನಾಗೇ ರದ್ದು. ಹಾಗಾಗಿ ಕಟ್‌ಆಫ್ ಚೆನ್ನಾಗಿದೆ ಅನ್ನೋ ಒಂದೇ ಕಾರಣಕ್ಕೆ ಬೇಡದ ಕಾಲೇಜನ್ನು ಹಾಸನದ ಮೇಲೆ ಹಾಕಬೇಡಿ.